ಭೂಮಿಯ ಹಾದಿಯನ್ನು ಮನುಷ್ಯ ಬದಲಿಸಬಲ್ಲನೇ?

ಗ್ರಹಗಳ ಗತಿಯಿಂದ ಮನುಷ್ಯನ ಬಾಳು ಬದಲಾಗುತ್ತದೆಯೇ ಎಂಬ ಪ್ರಶ್ನೆ ಭಾರತೀಯರಿಗೆ ಹೊಸದಲ್ಲ. 1962ರ ಫೆಬ್ರವರಿ ತಿಂಗಳ ಮೊದಲ ವಾರದಲ್ಲಿ ಮಕರ ರಾಶಿಯಲ್ಲಿ ಅಷ್ಟಗ್ರಹ ಕೂಟವಾದಾಗ ಪ್ರಳಯವೇ ಸಂಭವಿಸುವುದೆಂಬ ಭೀತಿ ದೇಶದ ಉದ್ದಗಲಕ್ಕೂ ಹಬ್ಬಿತ್ತು. ಹೋಮ ಹವನಗಳು, ಅಖಂಡ ಭಜನೆಗಳು ನಡೆದವು. ಆ ದಿನಗಳು ಕಳೆದವು. ಭೂಮಿ ಎಂದಿನಂತೆ ತನ್ನ ಹಾದಿಯಲ್ಲಿ ಸಾಗಿತ್ತು. ಮುಂದೆ 1974ರಲ್ಲಿ ಪ್ರಕಟವಾದ ಒಂದು ಇಂಗ್ಲಿಷ್ ಪುಸ್ತಕವು, 1982ರಲ್ಲಿ ಗ್ರಹಗಳೆಲ್ಲ ಸೂರ್ಯನ ಒಂದೇ ಪಾರ್ಶ್ವದಲ್ಲಿ ನೆರೆಯಲಿರುವುದರಿಂದ ಭಾರಿ ಭೂಕಂಪಗಳಾಗಬಹುದೆಂದು ಪಾಶ್ಚಾತ್ಯರನ್ನೂ ಹೆದರಿಸಿತು. 1982ರ ಮಾರ್ಚ್ 10 ಬಂತು, ಹೋಯಿತು. ಆ ಭವಿಷ್ಯವೂ ಸುಳ್ಳಾಯಿತು.

ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳಿದರೆ ಹೇಗೆ? ಗ್ರಹವು ಮನುಷ್ಯನ ಗತಿಯನ್ನು ಬದಲಿಸುವ ಮಾತು ಹಾಗಿರಲಿ. ಮನುಷ್ಯನು ಗ್ರಹದ ಗತಿಯನ್ನು ಬದಲಿಸಬಲ್ಲನೇ? ಮೇಲ್ನೋಟಕ್ಕೆ ಬಾಲಿಶವೆಂದು ತೋರುವ ಈ ಪ್ರಶ್ನೆಯನ್ನು ನಂಬಿದವರೂ ಇದ್ದಾರೆ. 2006ರ ಜುಲೈ 20ರಂದು 60 ಕೋಟಿ ಜನ ಒಂದೇ ಕ್ಷಣದಲ್ಲಿ ನೆಲದಿಂದ ಜಿಗಿದರೆ ಭೂಮಿ ತನ್ನ ಕಕ್ಷೆಯಿಂದ ಸರಿದು, ಏರುತ್ತಿರುವ ತಾಪಮಾನ ಇಳಿಯುವುದೆಂಬ ಪ್ರಚಾರ ಜಗತ್ತಿನಾದ್ಯಂತ ನಡೆಯಿತು. ಅದಕ್ಕೆ ‘ವಿಶ್ವ ಜಿಗಿತ ದಿನ’ವೆಂಬ ಹೆಸರೂ ಇತ್ತು. ಅದು ಜರ್ಮನ್ ಕಲಾವಿದನೊಬ್ಬನ ವಿನೋದವೆಂದು ಅನಂತರ ತಿಳಿಯಿತು. ಆದರೆ ವಿನೋದದ ಹಿಂದಿನ ಪ್ರಶ್ನೆ ವಿಜ್ಞಾನದ್ದೇ ಆಗಿದೆ. ಅದಕ್ಕೆ ಲೆಕ್ಕಾಚಾರದ ಉತ್ತರವುಂಟು.

ಕಕ್ಷೆಯೆಂದರೇನು?

ಗ್ರಹಗಳು ಸೂರ್ಯನ ಸುತ್ತ ದೀರ್ಘವೃತ್ತಾಕಾರದ ಪಥದಲ್ಲಿ ಚಲಿಸುತ್ತವೆಂದು ಜೊಹಾನೆಸ್ ಕೆಪ್ಲರ್ 1609ರಲ್ಲಿ ತೋರಿಸಿಕೊಟ್ಟನು. ಏಕೆ ಹಾಗೆ ಚಲಿಸುತ್ತವೆ ಎಂಬುದಕ್ಕೆ ಐಸಾಕ್ ನ್ಯೂಟನ್ 1687ರಲ್ಲಿ ಉತ್ತರ ಕೊಟ್ಟನು. ಭೂಮಿಯು ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಮುಂದಕ್ಕೆ ಧಾವಿಸುತ್ತಿದೆ. ಸೂರ್ಯನ ಆಕರ್ಷಣೆ ಇಲ್ಲದಿದ್ದರೆ ಅದು ನೇರವಾಗಿ ಹೊರಟುಹೋಗುತ್ತಿತ್ತು. ಮುಂದಿನ ಓಟ ಇಲ್ಲದಿದ್ದರೆ ಸೂರ್ಯನೊಳಕ್ಕೆ ಬಿದ್ದುಬಿಡುತ್ತಿತ್ತು. ಈ ಓಟ ಮತ್ತು ಸೆಳೆತಗಳ ಹೊಂದಾಣಿಕೆಯ ಫಲವೇ ಕಕ್ಷೆ. ಆದ್ದರಿಂದ ಕಕ್ಷೆಯನ್ನು ಬದಲಿಸಬೇಕಾದರೆ ಭೂಮಿಯ ವೇಗವನ್ನು ಹೆಚ್ಚಿಸಬೇಕು, ತಗ್ಗಿಸಬೇಕು, ಇಲ್ಲವೇ ಅದರ ದಿಕ್ಕನ್ನು ತಿರುಗಿಸಬೇಕು.

ಈ ಕಾರ್ಯದ ಗಾತ್ರವೆಷ್ಟು? ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರ 14 ಕೋಟಿ 96 ಲಕ್ಷ ಕಿಲೋಮೀಟರ್. ಭೂಮಿಯ ದ್ರವ್ಯರಾಶಿಯನ್ನು ಕಿಲೋಗ್ರಾಂಗಳಲ್ಲಿ ಬರೆಯಬೇಕಾದರೆ 6ರ ಮುಂದೆ 24 ಸೊನ್ನೆಗಳನ್ನಿಡಬೇಕು. ಇಂಥ ಭಾರಿ ಗೋಲ ಅಂಥ ವೇಗದಲ್ಲಿ ಓಡುತ್ತಿರುವಾಗ ಅದನ್ನು ಒಂದಿಷ್ಟು ಪಕ್ಕಕ್ಕೆ ಸರಿಸುವುದೂ ಸಾಮಾನ್ಯ ಸಾಹಸವಲ್ಲ. ಆದರೆ ತೊಡಕು ಗಾತ್ರದ್ದು ಮಾತ್ರವೇ ಅಲ್ಲ. ಅದಕ್ಕಿಂತ ಮೂಲಭೂತವಾದ ತೊಡಕೊಂದಿದೆ.

ಒಳಗಿನ ಬಲ, ಹೊರಗಿನ ಬಲ

ಮುಂಬಯಿಯ ಲೋಕಲ್ ಗಾಡಿಯೊಂದು ನಿಲ್ದಾಣದಲ್ಲಿ ಕೆಟ್ಟು ನಿಂತಿದೆಯೆಂದು ಭಾವಿಸಬಹುದು. ಡಬ್ಬಿಯೊಳಗೆ ಕಿಕ್ಕಿರಿದಿರುವ ಪ್ರಯಾಣಿಕರೆಲ್ಲರೂ ಸೇರಿ ಅದರ ಮುಂದಿನ ಗೋಡೆಯನ್ನು ಎಷ್ಟೇ ತಳ್ಳಿದರೂ ಗಾಡಿ ಮುಂದಕ್ಕೆ ಹೋಗದು. ಅವರು ಕೈಯಿಂದ ಗೋಡೆಯನ್ನು ಮುಂದಕ್ಕೆ ತಳ್ಳುವಾಗಲೇ ಕಾಲಿನಿಂದ ನೆಲವನ್ನು ಅಷ್ಟೇ ಬಲದಿಂದ ಹಿಂದಕ್ಕೆ ಒತ್ತುತ್ತಿರುತ್ತಾರೆ. ಲೆಕ್ಕ ಸರಿದೂಗಿಹೋಗುತ್ತದೆ. ಗಾಡಿ ಚಲಿಸಬೇಕಾದರೆ ಅದರ ಗಾಲಿಗಳು ಹೊರಗಿರುವ ಹಳಿಯನ್ನು ಹಿಂದಕ್ಕೆ ಒತ್ತಬೇಕು. ಹೊರಗಿನ ಆಸರೆಯಿಲ್ಲದೆ ಚಲನೆಯಿಲ್ಲ.

ಭೂಮಿಯ ಸ್ಥಿತಿಯೂ ಇದೇ. ಅದರ ಮೇಲೆ ನಡೆಯುವವರು, ಜಿಗಿಯುವವರು, ಬೆಟ್ಟ ಅಗೆಯುವವರು, ಅಣೆಕಟ್ಟು ಕಟ್ಟುವವರು ಎಲ್ಲರೂ ಆ ಗಾಡಿಯೊಳಗಿನ ಪ್ರಯಾಣಿಕರೇ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ದೊರೆಯುವ ಮೊತ್ತಕ್ಕೆ ಸಂವೇಗವೆಂದು ಹೆಸರು. ಹೊರಗಿನಿಂದ ಬಲ ಬೀಳದಿದ್ದರೆ ಒಂದು ವ್ಯವಸ್ಥೆಯ ಒಟ್ಟು ಸಂವೇಗ ಬದಲಾಗದು ಎಂಬುದು ಭೌತವಿಜ್ಞಾನದ ಅತ್ಯಂತ ಗಟ್ಟಿಯಾದ ನಿಯಮಗಳಲ್ಲೊಂದು.

ವಿಶ್ವ ಜಿಗಿತದ ಲೆಕ್ಕವನ್ನು ಇದರ ಬೆಳಕಿನಲ್ಲಿ ನೋಡಬಹುದು. 60 ಕೋಟಿಯಲ್ಲ, ಜಗತ್ತಿನ 800 ಕೋಟಿ ಜನರೂ ಒಂದೆಡೆ ನೆರೆದರೆಂದಿಟ್ಟುಕೊಳ್ಳೋಣ. ತಲೆಗೆ ಸರಾಸರಿ 50 ಕಿಲೋ ಹಿಡಿದರೆ ಒಟ್ಟು ತೂಕ 40 ಕೋಟಿ ಟನ್. ಭೂಮಿ ಇದಕ್ಕಿಂತ ಸುಮಾರು 15 ಲಕ್ಷ ಕೋಟಿ ಪಟ್ಟು ಭಾರವಾಗಿದೆ. ಎಲ್ಲರೂ ಒಮ್ಮೆಗೇ ಒಂದು ಅಡಿ ಎತ್ತರಕ್ಕೆ ಜಿಗಿದರೆ ಭೂಮಿ ಕೆಳಕ್ಕೆ ಸರಿಯುವ ದೂರವು ಒಂದು ಪರಮಾಣುವಿನ ವ್ಯಾಸದಲ್ಲಿ ಐದು ಸಾವಿರದ ಒಂದು ಭಾಗದಷ್ಟು. ಅದೂ ಅರೆ ಕ್ಷಣದ ಮಾತು. ಜಿಗಿದವರು ಮರಳಿ ನೆಲ ಮುಟ್ಟಿದೊಡನೆ ಭೂಮಿಯೂ ತನ್ನ ಸ್ಥಾನಕ್ಕೆ ಬರುತ್ತದೆ. ಉಳಿಯುವುದು ಸೊನ್ನೆ.

ಕ್ರಿಸ್ತಪೂರ್ವ ಮೂರನೆಯ ಶತಮಾನದ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸನು ನಿಲ್ಲಲು ಒಂದು ನೆಲೆ ದೊರೆತರೆ ಸನ್ನೆಗೋಲಿನಿಂದ ಭೂಮಿಯನ್ನೇ ಮೀಟುವೆನೆಂದನೆಂಬ ಕಥೆ ಪ್ರಸಿದ್ಧವಾಗಿದೆ. ಅವನ ಮಾತಿನಲ್ಲಿ ಹೆಮ್ಮೆಗಿಂತ ವಿವೇಕವೇ ಹೆಚ್ಚು. ಸನ್ನೆಗೋಲು ಎಷ್ಟೇ ಉದ್ದವಿರಲಿ, ನಿಲ್ಲುವ ನೆಲೆ ಭೂಮಿಯ ಹೊರಗಿರಬೇಕು. ಆ ನೆಲೆಯೇ ಮನುಷ್ಯನಿಗಿಲ್ಲ.

ಬಾಂಬುಗಳು ಮತ್ತು ರಾಕೆಟ್ಟುಗಳು

ಹಾಗಾದರೆ ಪರಮಾಣು ಬಾಂಬುಗಳ ಗತಿಯೇನು? ಈವರೆಗೆ ಸಿಡಿಸಿದ ಬಾಂಬುಗಳಲ್ಲಿ ಅತಿ ದೊಡ್ಡದನ್ನು ಸೋವಿಯತ್ ಒಕ್ಕೂಟವು 1961ರ ಅಕ್ಟೋಬರ್ 30ರಂದು ನೊವಾಯ ಜೆಮ್ಲ್ಯಾ ದ್ವೀಪದ ಮೇಲೆ ಪರೀಕ್ಷಿಸಿತು. ಅದರ ಶಕ್ತಿ ಸುಮಾರು 5 ಕೋಟಿ ಟನ್ ಟಿ.ಎನ್.ಟಿ.ಗೆ ಸಮ. ಭೂಮಿಯ ಓಟದಲ್ಲಿ ಅಡಗಿರುವ ಶಕ್ತಿಯಾದರೋ ಇಂಥ ನೂರು ಕೋಟಿ ಕೋಟಿಗೂ ಹೆಚ್ಚು ಬಾಂಬುಗಳಿಗೆ ಸಮಾನವಾಗಿದೆ. ಅಲ್ಲದೆ ಬಾಂಬಿನ ಒತ್ತಡ ನೆಲದ ಮೇಲೂ ಗಾಳಿಯ ಮೇಲೂ ಬೀಳುತ್ತದೆ. ನೆಲವೂ ಗಾಳಿಯೂ ಭೂಮಿಯ ಭಾಗಗಳೇ. ಇಂಥ ಬಾಂಬು ಮನುಕುಲವನ್ನು ನಾಶಮಾಡಬಲ್ಲುದು, ಆದರೆ ಮನುಕುಲವನ್ನು ಹೊತ್ತ ಗೋಲವನ್ನು ಹಾದಿ ತಪ್ಪಿಸಲಾರದು.

ರಾಕೆಟ್ಟಿನ ವಿಷಯ ಸ್ವಲ್ಪ ಬೇರೆ. ಭೂಮಿಯ ಸೆಳೆತವನ್ನು ಮೀರಿ ಶಾಶ್ವತವಾಗಿ ಹೊರಟುಹೋಗುವ ನೌಕೆಯು ಒಂದಿಷ್ಟು ಸಂವೇಗವನ್ನು ತನ್ನೊಡನೆ ಒಯ್ಯುತ್ತದೆ. ದೋಣಿಯಿಂದ ದಡಕ್ಕೆ ನೆಗೆದಾಗ ದೋಣಿ ಹಿಂದೆ ಸರಿಯುವಂತೆ ಭೂಮಿಯೂ ಹಿಂದೆ ಸರಿಯಲೇಬೇಕು. ತತ್ತ್ವತಃ ಇದು ಕಕ್ಷೆಯ ಬದಲಾವಣೆಯೇ ಸರಿ. ಆದರೆ ಪ್ರಮಾಣವೆಷ್ಟು? ಭೂಮಿಯ ವೇಗವನ್ನು ಸೆಕೆಂಡಿಗೆ ಕೇವಲ ಒಂದು ಮೀಟರಿನಷ್ಟು ಬದಲಿಸಬೇಕಾದರೆ, ಸಮಸ್ತ ಸಾಗರಗಳ ನೀರಿನಲ್ಲಿ ಐದರಲ್ಲಿ ಎರಡು ಪಾಲಿಗೂ ಮಿಕ್ಕ ತೂಕವನ್ನು ಆಕಾಶಕ್ಕೆಸೆಯಬೇಕು. ಅದು ಭೂಮಿಯ ಸೆಳೆತದಿಂದ ಪಾರಾದ ಮೇಲೂ ಸೆಕೆಂಡಿಗೆ 10 ಕಿಲೋಮೀಟರ್ ವೇಗ ಉಳಿಸಿಕೊಂಡಿರಬೇಕು. ಇಷ್ಟೆಲ್ಲ ಮಾಡಿದರೂ ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರ ಬದಲಾಗುವುದು ಸುಮಾರು 10 ಸಾವಿರ ಕಿಲೋಮೀಟರ್ ಮಾತ್ರ. ಅದು ಭೂಮಿಯ ವ್ಯಾಸಕ್ಕಿಂತ ಕಡಿಮೆ.

ಇದರ ಸ್ವಾರಸ್ಯಕರವಾದ ಉದಾಹರಣೆ ಗುರುಗ್ರಹದ್ದು. ಅಮೆರಿಕದ ವಾಯೇಜರ್ ನೌಕೆಗಳು 1979ರಲ್ಲಿ ಗುರುವಿನ ಸಮೀಪ ಹಾದುಹೋಗುವಾಗ ಅದರ ಓಟದಿಂದ ವೇಗವನ್ನು ಎರವಲು ಪಡೆದು ಶನಿಯತ್ತ ಚಿಮ್ಮಿದವು. ಎರವಲು ಕೊಟ್ಟ ಗುರುವಿನ ವೇಗ ಅಷ್ಟರಮಟ್ಟಿಗೆ ಕುಗ್ಗಿತು. ಈ ಕುಗ್ಗುವಿಕೆಯಿಂದ ಗುರುವು ಹಿಂದೆ ಬೀಳುವ ದೂರವು ಲಕ್ಷ ಕೋಟಿ ವರ್ಷಗಳಿಗೆ ಸುಮಾರು ಒಂದು ಅಡಿಯೆಂದು ಲೆಕ್ಕ ಹಾಕಲಾಗಿದೆ. ಸೌರವ್ಯೂಹದ ವಯಸ್ಸೇ ಸುಮಾರು 460 ಕೋಟಿ ವರ್ಷ. ಮನುಷ್ಯನು ಒಂದು ಗ್ರಹದ ಕಕ್ಷೆಯನ್ನು ಬದಲಿಸಿದ್ದಾನೆಂದು ಹೇಳುವುದು ಸತ್ಯ; ಆ ಬದಲಾವಣೆಗೆ ಅರ್ಥವಿಲ್ಲವೆಂಬುದೂ ಅಷ್ಟೇ ಸತ್ಯ.

ಮನುಷ್ಯನ ಕೈ ಎಟಕಿದ ಒಂದು ಕಾಯ

ಆದರೆ ಗ್ರಹವನ್ನು ಬಿಟ್ಟು ಸಣ್ಣ ಆಕಾಶಕಾಯಗಳತ್ತ ನೋಡಿದರೆ ಚಿತ್ರ ಬದಲಾಗುತ್ತದೆ. ಡಿಡಿಮಾಸ್ ಎಂಬ ಕ್ಷುದ್ರಗ್ರಹದ ಸುತ್ತ ಡೈಮಾರ್ಫಾಸ್ ಎಂಬ ಪುಟ್ಟ ಉಪಗ್ರಹ ತಿರುಗುತ್ತಿದೆ. ಅದರ ಅಗಲ ಸುಮಾರು 150 ಮೀಟರ್, ತೂಕ ಸುಮಾರು 43 ಲಕ್ಷ ಟನ್. ಭಾರತೀಯ ಕಾಲಮಾನದ ಪ್ರಕಾರ 2022ರ ಸೆಪ್ಟೆಂಬರ್ 27ರ ನಸುಕಿನಲ್ಲಿ ಅಮೆರಿಕದ ‘ಡಾರ್ಟ್’ ನೌಕೆ ಸೆಕೆಂಡಿಗೆ 6 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಹೋಗಿ ಉದ್ದೇಶಪೂರ್ವಕವಾಗಿ ಅದಕ್ಕೆ ಅಪ್ಪಳಿಸಿತು. ಆಗ ಅದು ಭೂಮಿಯಿಂದ ಸುಮಾರು 1 ಕೋಟಿ 10 ಲಕ್ಷ ಕಿಲೋಮೀಟರ್ ದೂರದಲ್ಲಿತ್ತು. ನೌಕೆಯ ತೂಕ 600 ಕಿಲೋಗ್ರಾಂಗೂ ಕಡಿಮೆ.

ಕೇರಂ ಆಟದಲ್ಲಿ ಸ್ಟ್ರೈಕರ್ ತಾಗಿದ ಬಿಲ್ಲೆ ಸರಿಯುವಂತೆ ಡೈಮಾರ್ಫಾಸ್ ಸರಿಯಿತು. ಡಿಡಿಮಾಸನ್ನು ಸುತ್ತಿ ಬರಲು ಮೊದಲು 11 ಗಂಟೆ 55 ನಿಮಿಷ ಬೇಕಾಗಿದ್ದುದು ಆಮೇಲೆ ಸುಮಾರು 33 ನಿಮಿಷ ಕಡಿಮೆಯಾಯಿತು. ಡಿಕ್ಕಿಯಿಂದ ಸಿಡಿದ ಕಲ್ಲು ಧೂಳುಗಳು ಹಿಮ್ಮುಖವಾಗಿ ಚಿಮ್ಮಿ ರಾಕೆಟ್ಟಿನ ಹೊಗೆಯಂತೆ ವರ್ತಿಸಿದ್ದರಿಂದ, ನೌಕೆಯೊಂದರಿಂದಲೇ ಆಗಬಹುದಾಗಿದ್ದ ಪರಿಣಾಮ ಮೂರು ಪಟ್ಟಿಗೂ ಮೀರಿ ಹೆಚ್ಚಿತು. ಒಂದು ಆಕಾಶಕಾಯದ ಕಕ್ಷೆಯನ್ನು ಮನುಷ್ಯನು ಬೇಕೆಂದೇ, ಅಳೆಯುವಷ್ಟು ಬದಲಿಸಿದ್ದು ಇದೇ ಮೊದಲು. ಭೂಮಿಯತ್ತ ಧಾವಿಸುವ ಬಂಡೆಯೊಂದು ಮುಂದೆಂದಾದರೂ ಕಾಣಿಸಿಕೊಂಡರೆ, ಬಹಳ ಮುಂಚಿತವಾಗಿಯೇ ಅದನ್ನು ಮೆಲ್ಲನೆ ಪಕ್ಕಕ್ಕೆ ಸರಿಸುವ ದಾರಿಯನ್ನು ಈ ಪ್ರಯೋಗ ತೋರಿಸಿತು. ಆದರೆ ಡೈಮಾರ್ಫಾಸಿಗಿಂತ ಭೂಮಿ ಸುಮಾರು 14 ಕೋಟಿ ಕೋಟಿ ಪಟ್ಟು ಭಾರವೆಂಬುದನ್ನು ಮರೆಯುವಂತಿಲ್ಲ.

ಆವರ್ತನೆಯೇ ಬೇರೆ, ಕಕ್ಷೆಯೇ ಬೇರೆ

ಮನುಷ್ಯನ ಕೆಲಸದಿಂದ ಭೂಮಿಯ ಅಕ್ಷ ಸರಿಯಿತೆಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುವುದುಂಟು. ಓದುಗರು ಅದನ್ನು ಕಕ್ಷೆಯ ಬದಲಾವಣೆಯೆಂದು ತಪ್ಪಾಗಿ ತಿಳಿಯಬಾರದು. ಬುಗುರಿಯು ತನ್ನ ಸುತ್ತಲೇ ತಿರುಗುವುದು ಒಂದು ಚಲನೆ. ಅಂಗಳದಲ್ಲಿ ಅದು ಓಡುವುದು ಇನ್ನೊಂದು. ಭೂಮಿಯ ಆವರ್ತನೆಯನ್ನು ಬದಲಿಸಲು ಹೊರಗಿನ ಬಲ ಬೇಕಿಲ್ಲ. ಭೂಮಿಯ ಮೇಲಿನ ತೂಕದ ಹಂಚಿಕೆ ಬದಲಾದರೆ ಸಾಕು. ನರ್ತಕಿ ಗಿರಕಿ ಹೊಡೆಯುವಾಗ ಕೈ ಚಾಚಿದರೆ ವೇಗ ತಗ್ಗುತ್ತದೆ, ಮಡಿಸಿದರೆ ಹೆಚ್ಚುತ್ತದೆ, ಇದೂ ಹಾಗೆಯೇ.

ಚೀನಾದ ತ್ರೀ ಗಾರ್ಜಸ್ ಅಣೆಕಟ್ಟು ತುಂಬಿದಾಗ ದಿನದ ಅವಧಿ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ ನೂರಕ್ಕೆ 6ರಷ್ಟು ಹೆಚ್ಚುವುದೆಂದೂ ಧ್ರುವವು ಸುಮಾರು 2 ಸೆಂಟಿಮೀಟರ್ ಸರಿಯುವುದೆಂದೂ ಅಮೆರಿಕದ ನಾಸಾ ಸಂಸ್ಥೆಯ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಭಾರತೀಯರಿಗೆ ನೇರವಾಗಿ ಸಂಬಂಧಿಸಿದ್ದು. 1993ರಿಂದ 2010ರವರೆಗೆ ಜಗತ್ತಿನಲ್ಲಿ ನೆಲದಡಿಯಿಂದ ಮೇಲೆತ್ತಿದ ನೀರು ಸುಮಾರು 2 ಲಕ್ಷ 15 ಸಾವಿರ ಕೋಟಿ ಟನ್. ಅದರ ಬಹುಭಾಗ ಕೊನೆಗೆ ಸಮುದ್ರ ಸೇರಿದ್ದರಿಂದ ಆವರ್ತನೆಯ ಧ್ರುವವು ಪೂರ್ವಕ್ಕೆ ಸುಮಾರು 80 ಸೆಂಟಿಮೀಟರ್ ವಾಲಿತೆಂದು ಆ ಅಧ್ಯಯನ ಹೇಳುತ್ತದೆ. ಇದರಲ್ಲಿ ಮುಖ್ಯ ಪಾತ್ರ ಉತ್ತರ ಅಮೆರಿಕದ ಪಶ್ಚಿಮ ಭಾಗದ್ದು ಮತ್ತು ವಾಯವ್ಯ ಭಾರತದ್ದು. ಹೊಲದ ಕೊಳವೆಬಾವಿಗಳು ಧ್ರುವವನ್ನೇ ಕದಲಿಸಿದವೆಂಬುದು ಅಚ್ಚರಿಯ ಸಂಗತಿ. ಆದರೂ ಸೂರ್ಯನ ಸುತ್ತಲಿನ ಹಾದಿ ಕೂದಲೆಳೆಯಷ್ಟೂ ಬದಲಾಗಲಿಲ್ಲ.

ನಿಸರ್ಗವೇ ಮಾಡುವ ಬದಲಾವಣೆ

ಹಾಗೆಂದು ಭೂಮಿಯ ಕಕ್ಷೆ ಕಲ್ಲಿನಲ್ಲಿ ಕೊರೆದ ಗೆರೆಯಲ್ಲ. ಗುರು, ಶುಕ್ರ ಮುಂತಾದ ಗ್ರಹಗಳ ಸೆಳೆತದಿಂದ ಅದರ ದೀರ್ಘವೃತ್ತ ಸುಮಾರು ಒಂದು ಲಕ್ಷ ವರ್ಷಗಳ ಆವರ್ತದಲ್ಲಿ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತದೆ. ಅಕ್ಷದ ವಾಲುವಿಕೆ ಸುಮಾರು 41 ಸಾವಿರ ವರ್ಷಗಳ ಆವರ್ತದಲ್ಲಿ ಬದಲಾಗುತ್ತದೆ. ಹಿಮಯುಗಗಳು ಬಂದು ಹೋಗುವುದಕ್ಕೆ ಇವೇ ಕಾರಣವೆಂಬುದನ್ನು ಸರ್ಬಿಯದ ವಿಜ್ಞಾನಿ ಮಿಲುಟಿನ್ ಮಿಲಂಕೋವಿಚ್ ವಿವರವಾಗಿ ಗಣಿಸಿದನು. ಸೂರ್ಯನು ಬೆಳಕಿನ ರೂಪದಲ್ಲಿ ಸೆಕೆಂಡಿಗೆ 40 ಲಕ್ಷ ಟನ್ನಿಗೂ ಹೆಚ್ಚು ದ್ರವ್ಯವನ್ನು ಕಳೆದುಕೊಳ್ಳುವುದರಿಂದ ಅವನ ಹಿಡಿತ ಸಡಿಲಗೊಂಡು ಭೂಮಿ ವರ್ಷಕ್ಕೆ ಒಂದೆರಡು ಸೆಂಟಿಮೀಟರಿನಷ್ಟು ದೂರ ಸರಿಯುತ್ತಿದೆ.

ಇನ್ನೂ ದೂರದ ಭವಿಷ್ಯದಲ್ಲಿ ಬೇರೊಂದು ಸಮಸ್ಯೆಯಿದೆ. ಮುಂದಿನ 100 ಕೋಟಿ ವರ್ಷಗಳಲ್ಲಿ ಸೂರ್ಯನ ಪ್ರಕಾಶ ನೂರಕ್ಕೆ ಸುಮಾರು ಹತ್ತರಷ್ಟು ಹೆಚ್ಚಲಿದೆ. ಆಗ ಭೂಮಿಯನ್ನು ಹೊರಕ್ಕೆ ಸರಿಸುವುದು ಸಾಧ್ಯವೇ ಎಂದು ಅಮೆರಿಕದ ಮೂವರು ವಿಜ್ಞಾನಿಗಳು 2001ರಲ್ಲಿ ಗಣಿಸಿ ನೋಡಿದರು. ನೂರು ಕಿಲೋಮೀಟರ್ ಅಗಲದ ಬಂಡೆಯೊಂದನ್ನು ಸುಮಾರು ಆರು ಸಾವಿರ ವರ್ಷಗಳಿಗೊಮ್ಮೆ ಭೂಮಿಯ ಪಕ್ಕದಲ್ಲಿ ಹಾಯಿಸಿದರೆ ಗುರುವಿನ ಓಟದ ಶಕ್ತಿಯನ್ನು ಭೂಮಿಗೆ ವರ್ಗಾಯಿಸಬಹುದೆಂದು ಅವರು ತೋರಿಸಿದರು. ವಾಯೇಜರ್ ನೌಕೆಗಳು ಬಳಸಿದ ಉಪಾಯವೇ ಇದು. ಕಾಗದದ ಮೇಲೆ ಈ ಯೋಜನೆ ನಿಲ್ಲುತ್ತದೆ. ಆದರೆ ಸಾವಿರಾರು ತಲೆಮಾರುಗಳು ಒಂದೇ ಸಂಕಲ್ಪವನ್ನು ಕೈಬಿಡದೆ ನಡೆಸಬೇಕು. ಒಮ್ಮೆ ಗುರಿ ತಪ್ಪಿ ಬಂಡೆ ಭೂಮಿಗೆ ಬಡಿದರೆ ಜೀವರಾಶಿಯೇ ಉಳಿಯದು.

ಹಾದಿ ಬದಲಿಸದೆ ಬಿಸಿಲು ಹೆಚ್ಚಿಸಿದ ಬಗೆ

ಭೂಮಿಯ ಕಕ್ಷೆಯ ಬಗ್ಗೆ ಭಯಪಡಬೇಕಾದ ಕಾರಣವಿಲ್ಲವೆಂದು ಈವರೆಗಿನ ಲೆಕ್ಕಗಳು ಸಮಾಧಾನ ಹೇಳುತ್ತವೆ. ಆದರೆ ಕಕ್ಷೆ ಸರಿದರೆ ಏನಾದೀತೆಂಬ ಭಯದ ತಿರುಳು ಯಾವುದು? ಭೂಮಿ ಸೂರ್ಯನಿಗೆ ಹತ್ತಿರವಾಗಿ ಕಾವು ಏರೀತೆಂಬುದೇ ಅಲ್ಲವೇ? ಆ ಕಾವನ್ನು ಮನುಷ್ಯನು ಕಕ್ಷೆಯನ್ನು ಮುಟ್ಟದೆಯೇ ಏರಿಸಿದ್ದಾನೆ.

ಭೂಮಿಯು ಚದರ ಮೀಟರಿಗೆ ಸರಾಸರಿ 240 ವಾಟ್‌ನಷ್ಟು ಸೂರ್ಯಶಕ್ತಿಯನ್ನು ಹೀರಿಕೊಂಡು ಅಷ್ಟನ್ನೇ ಶಾಖವಾಗಿ ಆಕಾಶಕ್ಕೆ ಹಿಂದಿರುಗಿಸಬೇಕು. ಇಂಗಾಲದ ಡೈ ಆಕ್ಸೈಡ್ ಈ ಶಾಖವನ್ನು ತಡೆಯುವ ಕಂಬಳಿ. ಅದು ಹೆಚ್ಚಿದರೆ ಭೂಮಿ ಬಿಸಿಯಾಗುವುದೆಂದು ಸ್ವೀಡನ್ನಿನ ಸ್ವಾಂಟೆ ಅರ್ರೇನಿಯಸ್ 1896ರಷ್ಟು ಹಿಂದೆಯೇ ಗಣಿಸಿದ್ದನು. ಕೈಗಾರಿಕಾ ಕ್ರಾಂತಿಗೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಈ ಅನಿಲ 280 ಭಾಗವಿತ್ತು. 2024ರಲ್ಲಿ 420ನ್ನು ದಾಟಿತ್ತು. ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿದ್ದು ಮತ್ತು ಕಾಡು ಕಡಿದದ್ದು ಇದಕ್ಕೆ ಕಾರಣ. ಹೀಗೆ ಹೆಚ್ಚಿದ ಅನಿಲವು ಚದರ ಮೀಟರಿಗೆ ಸುಮಾರು 2 ವಾಟ್ ಹೊರೆಯನ್ನು ಸೇರಿಸಿದೆ.

240ರಲ್ಲಿ 2 ಎಂದರೆ ನೂರಕ್ಕೆ ಒಂದು ಪಾಲೂ ಅಲ್ಲ. ಆದರೆ ಇಷ್ಟೇ ಹೆಚ್ಚುವರಿ ಶಕ್ತಿ ಬಿಸಿಲಿನಿಂದ ಬರಬೇಕಾಗಿದ್ದರೆ ಭೂಮಿ ಸೂರ್ಯನಿಗೆ ಎಷ್ಟು ಹತ್ತಿರ ಸರಿಯಬೇಕಿತ್ತು? ಬಿಸಿಲಿನ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆಂಬ ನಿಯಮದಂತೆ ಸ್ಥೂಲವಾಗಿ ಲೆಕ್ಕ ಹಾಕಿದರೆ ದೊರೆಯುವ ಉತ್ತರ ಸುಮಾರು 6 ಲಕ್ಷ ಕಿಲೋಮೀಟರ್. ಚಂದ್ರನಿರುವುದು 3 ಲಕ್ಷ 84 ಸಾವಿರ ಕಿಲೋಮೀಟರ್ ದೂರದಲ್ಲಿ. ಸಾಗರಗಳ ಅರ್ಧಕ್ಕೆ ಸಮೀಪದ ತೂಕವನ್ನು ಆಕಾಶಕ್ಕೆಸೆದರೂ 10 ಸಾವಿರ ಕಿಲೋಮೀಟರ್ ಸರಿಯದ ಭೂಮಿಯನ್ನು, ಒಲೆ, ಗಿರಣಿ, ವಾಹನ, ವಿದ್ಯುತ್ ಸ್ಥಾವರಗಳ ಹೊಗೆ 6 ಲಕ್ಷ ಕಿಲೋಮೀಟರ್ ಒಳಕ್ಕೆ ಸರಿಸಿದಂತಾಗಿದೆ.

ಇಲ್ಲೊಂದು ಸಂದೇಹ ಏಳಬಹುದು. ಭೂಮಿಯು ಜುಲೈ ತಿಂಗಳಿಗಿಂತ ಜನವರಿ ತಿಂಗಳಲ್ಲಿ ಸೂರ್ಯನಿಗೆ ಸುಮಾರು 50 ಲಕ್ಷ ಕಿಲೋಮೀಟರ್ ಹತ್ತಿರವಿರುತ್ತದೆ, ಅದರಿಂದ ಕೇಡಾಗುವುದಿಲ್ಲವಲ್ಲ? ಅದು ಹೋಗಿ ಬರುವ ವ್ಯತ್ಯಾಸ, ವರ್ಷದೊಳಗೆ ಸರಿದೂಗುತ್ತದೆ. ಇಂಗಾಲದ ಹೊರೆಯಾದರೋ ಹಗಲಿರುಳೂ ವರ್ಷವಿಡೀ ಒಂದೇ ದಿಕ್ಕಿನಲ್ಲಿ ಬೀಳುತ್ತಿರುತ್ತದೆ. 2024ರಲ್ಲಿ ಭೂಮಿಯ ಸರಾಸರಿ ತಾಪಮಾನ ಕೈಗಾರಿಕಾ ಪೂರ್ವ ಕಾಲಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿತ್ತು. ಕಡಲ ಮಟ್ಟ ಏರುವುದರ ಚಿಂತೆ ಮುಂಬಯಿ, ಚೆನ್ನೈಗಳ ಕಡಲಂಚಿನವರದು. ಬೇಸಗೆಯ ಬಿಸಿಗಾಳಿಯ ಬಾಧೆ ದೆಹಲಿ, ಹೈದರಾಬಾದುಗಳವರದು. ತಗಡಿನ ಮಾಡಿನಡಿ ದುಡಿಯುವವರಿಗೆ, ವೃದ್ಧರಿಗೆ, ಹಸುಳೆಗಳಿಗೆ ಈ ಒಂದೂವರೆ ಡಿಗ್ರಿ ಬರಿಯ ಅಂಕಿಯಲ್ಲ. ಅದು ಆರೋಗ್ಯದ ಪ್ರಶ್ನೆ.

ಆದರೂ ನಿರಾಶೆಗೆ ಕಾರಣವಿಲ್ಲ. ಭೂಮಿ ನಿಜವಾಗಿಯೇ ಕಕ್ಷೆಯಿಂದ ಸರಿದಿದ್ದರೆ ಅದನ್ನು ಮರಳಿ ತರುವುದು ಯಾರಿಂದಲೂ ಆಗುತ್ತಿರಲಿಲ್ಲ. ಹೊಗೆಯ ವಿಷಯ ಹಾಗಲ್ಲ. ಅದನ್ನು ಎಬ್ಬಿಸಿದವರೇ ಅದನ್ನು ತಗ್ಗಿಸಬಲ್ಲರು. ಓಜೋನ್ ಪದರವನ್ನು ಹಾಳುಗೆಡವುತ್ತಿದ್ದ ರಾಸಾಯನಿಕಗಳನ್ನು ಕೈಬಿಡಲು ರಾಷ್ಟ್ರಗಳು 1987ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಒಪ್ಪಂದ ಮಾಡಿಕೊಂಡವು. ಅದರ ಫಲವಾಗಿ ಆ ಪದರ ಚೇತರಿಸಿಕೊಳ್ಳುತ್ತಿದೆ.

ಭೂಮಿಯ ಹಾದಿ ಮನುಷ್ಯನ ಅಂಕೆಯಲ್ಲಿಲ್ಲ. ಆ ಹಾದಿಯಲ್ಲಿ ಅದು ಹೊತ್ತು ಸಾಗುವ ಗಾಳಿ ಮಾತ್ರ ಅವನ ಕೈಯಲ್ಲಿದೆ. ಅಷ್ಟಗ್ರಹಗಳಿಗೆ ಅಂಜಿ ಶಾಂತಿಹೋಮ ಮಾಡಿದ ಕಾಲ ಕಳೆಯಿತು. ಈಗ ಶಾಂತಿಯಾಗಬೇಕಾಗಿರುವುದು ಮನುಷ್ಯನೇ ಹೊತ್ತಿಸಿದ ಬೆಂಕಿ.